ಸೊನ್ನೆಯ ಮೇಲಣ ಸೊನ್ನೆ: ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಅನುನಾಸಿಕ ಮತ್ತು ವೆಬ್ ಪುಟದ ಲಿಪಿಚರಿತ್ರೆ

ಉತ್ತರ ಕನ್ನಡದ ಕರಾವಳಿಯ ಮೂರು ತಾಲ್ಲೂಕು ಕೇಂದ್ರಗಳ ಹೆಸರುಗಳನ್ನು ಎಣಿಸುವುದರಿಂದ ಆರಂಭಿಸಬಹುದು. ‘ಕುಮಟಾ’ ಎಂಬಲ್ಲಿ ಕನ್ನಡ ಬಲ್ಲ ಯಾರ ಲೆಕ್ಕದಲ್ಲಿಯೂ ಅಕ್ಷರಗಳು ಮೂರು. ಗಣಕಯಂತ್ರದ ದಾಸ್ತಾನಿನಲ್ಲಿ ಅದು ಐದು ಸಂಕೇತಗಳ ಸಾಲು: ಎರಡು ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸಲಾಗುತ್ತದೆ. ಬ್ರೌಸರ್ ಈ ಐದನ್ನು ಮತ್ತೆ ‘ಓದುಗನು ಕಾಣುವ ಘಟಕ’ಗಳಾಗಿ ಗುಂಪುಗೂಡಿಸಿದಾಗ ಮೂರೇ ಬರುತ್ತವೆ, ಇಲ್ಲಿ ಜಗಳವಿಲ್ಲ. ‘ಹೊನ್ನಾವರ’ಕ್ಕೆ ಬಂದರೆ ನಮ್ಮ ಲೆಕ್ಕ ನಾಲ್ಕು, ದಾಸ್ತಾನಿನ ಲೆಕ್ಕ ಎಂಟು, ಬ್ರೌಸರಿನ ಗುಂಪುಗಳ ಲೆಕ್ಕ ಐದು. ‘ಭಟ್ಕಳ’ದಲ್ಲಿ ನಮಗೆ ಮೂರು, ದಾಸ್ತಾನಿಗೆ ಐದು, ಬ್ರೌಸರಿಗೆ ನಾಲ್ಕು. ಒತ್ತಕ್ಷರ ಬಂದಲ್ಲೆಲ್ಲ ಮಾನವನ ಎಣಿಕೆಯೂ ಯಂತ್ರದ ಎಣಿಕೆಯೂ ಒಂದರಷ್ಟು ತಪ್ಪುತ್ತವೆ. ಭಟ್ಕಳದ ಹೆಸರನ್ನು ಉರ್ದುವಿನಲ್ಲಿ ಬರೆದಾಗಲೂ ಸಂಕೇತಗಳು ಐದೇ: ಬೇ, ದೋ-ಚಶ್ಮೀ ಹೇ, ಟೇ, ಕಾಫ಼್, ಲಾಮ್. ಆದರೆ ಐದು ಎಂಬ ಆ ಸಾಮ್ಯ ಬರಿಯ ಆಕಸ್ಮಿಕ. ಅಲ್ಲಿ ಮಹಾಪ್ರಾಣಕ್ಕೆ ಒಂದು ಪ್ರತ್ಯೇಕ ವರ್ಣವಿದೆ, ಸ್ವರಗಳಿಗೆ ಬರಹವೇ ಇಲ್ಲ; ಇಲ್ಲಿ ಮಹಾಪ್ರಾಣ ವ್ಯಂಜನದೊಳಗೇ ಅಡಗಿದೆ, ಸ್ವರದ ಅಭಾವಕ್ಕೆ ಒಂದು ಸಂಕೇತವಿದೆ.

ವೆಬ್ ವಿನ್ಯಾಸವೆಂಬುದು ಬಣ್ಣ, ಗುಂಡಿ, ಚಿತ್ರಗಳ ಕುಶಲಕಲೆಯೆಂದು ಭಾವಿಸುವ ಭಾಷಾವಿಜ್ಞಾನಿಗಳು ಇಂದಿಗೂ ಇದ್ದಾರೆ. ಪ್ರಸ್ತುತ ಬರಹದ ನಿಲುವು ಅದಕ್ಕೆ ವಿರುದ್ಧವಾದುದು. ಒಂದು ಭಾಷೆಯ ಧ್ವನಿಭೇದಗಳಲ್ಲಿ ಯಾವುದು ಸಾರ್ವಜನಿಕ ಬರಹದಲ್ಲಿ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಕಳೆದ ಮೂರು ದಶಕಗಳಲ್ಲಿ ವ್ಯಾಕರಣಕಾರರಿಗಿಂತ ಹೆಚ್ಚಾಗಿ ಸಂಕೇತಪಟ್ಟಿ, ಫಾಂಟ್ ಮತ್ತು ಬ್ರೌಸರುಗಳು ನಿರ್ಣಯಿಸಿವೆ. ಇದಕ್ಕೆ ಈ ಕರಾವಳಿಯಷ್ಟು ಒಳ್ಳೆಯ ನಿದರ್ಶನ ಸುಲಭವಾಗಿ ಸಿಗದು. ಭಟ್ಕಳದ ನವಾಯತಿಯನ್ನು ಫಾರಸಿ-ಅರಬ್ಬಿ ಲಿಪಿಯಲ್ಲಿ ಬರೆಯುತ್ತಾರೆ. ಹೊನ್ನಾವರ, ಕುಮಟಾಗಳ ಕೊಂಕಣಿ ಬಹುಮಟ್ಟಿಗೆ ಕನ್ನಡ ಲಿಪಿಯನ್ನು ಆಶ್ರಯಿಸಿದೆ. ಹವ್ಯಕ ಕನ್ನಡವು ಕನ್ನಡವೇ ಆದರೂ ಶಿಷ್ಟ ವರ್ಣಮಾಲೆಗೆ ಪೂರ್ತಿ ಒಗ್ಗುವುದಿಲ್ಲ. ಈ ಮೂರರಲ್ಲಿಯೂ ಬರಹಕ್ಕೆ ತೊಡಕಾಗಿರುವ ಧ್ವನಿ ಒಂದೇ: ಅನುನಾಸಿಕ ಸ್ವರ.

ಖಾಲಿ ಮನೆ

ಭಾರತೀಯ ಲಿಪಿಗಳ ಸಂಕೇತೀಕರಣದ ಚರಿತ್ರೆ ಕಾನಪುರದ ಐಐಟಿಯಲ್ಲಿ ಮೊದಲುಗೊಂಡು ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ಜಿಸ್ಟ್ ತಂತ್ರಜ್ಞಾನದಿಂದ ಆರಂಭವಾಗುತ್ತದೆ. 1988ರಲ್ಲಿ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕವಾಗಿ ಅಂಗೀಕೃತವಾದ ಇಸ್ಕಿಯ ಮೂಲಕಲ್ಪನೆ ವ್ಯಾಕರಣಕ್ಕೆ ಹತ್ತಿರವಾದುದು. ಬ್ರಾಹ್ಮೀಮೂಲದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಬೇರೆ ಬೇರೆ ಉಡುಪುಗಳು; ಆದುದರಿಂದ ‘ಕ’ಕಾರಕ್ಕೆ ಎಲ್ಲ ಲಿಪಿಗಳಲ್ಲಿಯೂ ಒಂದೇ ಸ್ಥಾನ. ಯುನಿಕೋಡ್ ಅದೇ 1991ರ ಅಕ್ಟೋಬರಿನಲ್ಲಿ ತನ್ನ ಮೊದಲ ಆವೃತ್ತಿಯನ್ನು ಪ್ರಕಟಿಸಿದಾಗ 1988ರ ಇಸ್ಕಿಯ ಕ್ರಮವನ್ನೇ ಅನುಸರಿಸಿತು. ಆದರೆ ಪ್ರತಿ ಲಿಪಿಗೂ 128 ಮನೆಗಳ ಬೇರೆ ಬೇರೆ ಕೇರಿಯನ್ನು ಕೊಟ್ಟಿತು. ಕನ್ನಡದ ಕೇರಿ ದಶಮಾನ ಎಣಿಕೆಯಲ್ಲಿ 3200ರಿಂದ 3327ರವರೆಗೆ.

ಈ ಕೇರಿಯ ಎರಡನೆಯ ಮನೆ, ಅಂದರೆ 3201, ಬಹುಕಾಲ ಖಾಲಿಯಾಗಿತ್ತು. ದೇವನಾಗರಿಯಲ್ಲಿ ಅದಕ್ಕೆ ಸಂವಾದಿಯಾದ ಮನೆಯಲ್ಲಿ ಚಂದ್ರಬಿಂದು ಕುಳಿತಿದೆ. ಕನ್ನಡಕ್ಕೆ ಚಂದ್ರಬಿಂದು ಬೇಕಿಲ್ಲವೆಂಬ ಎಣಿಕೆಯಲ್ಲಿ ಸ್ಥಾನವನ್ನು ಬಿಟ್ಟು ಮುಂದಿನ 3202ನೆಯ ಮನೆಯಲ್ಲಿ ಅನುಸ್ವಾರವನ್ನು ಇಡಲಾಯಿತು. ಶಿಷ್ಟ ಕನ್ನಡದ ದೃಷ್ಟಿಯಿಂದ ಇದು ದೋಷವೇನೂ ಅಲ್ಲ. ನಮ್ಮ ಸೊನ್ನೆ ವರ್ಗೀಯ ವ್ಯಂಜನದ ಹಿಂದೆ ಬಂದರೆ ಆ ವರ್ಗದ ಅನುನಾಸಿಕವ್ಯಂಜನವನ್ನು ಸೂಚಿಸುತ್ತದೆ. ಅವರ್ಗೀಯದ ಹಿಂದೆ, ‘ಸಂಶಯ’, ‘ಸಂವಾದ’ಗಳಲ್ಲಿರುವಂತೆ, ಅದರ ಉಚ್ಚಾರ ಸಡಿಲ, ಆದರೆ ಅರ್ಥಭೇದಕವಲ್ಲ. ಶಿಷ್ಟ ಕನ್ನಡದಲ್ಲಿ ಅನುನಾಸಿಕ ಸ್ವರ ಧ್ವನಿಮಾ ಅಲ್ಲವೆಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ಬೇರೊಂದು ಕಡೆ: ಕನ್ನಡ ಲಿಪಿ ಎಂದರೆ ಕನ್ನಡ ಭಾಷೆ ಎಂದು ಗ್ರಹಿಸಿದ್ದರಲ್ಲಿ. ಕೊಂಕಣಿ, ತುಳು, ಕೊಡವ, ಬ್ಯಾರಿ ಭಾಷೆಗಳನ್ನು ಬರೆಯುವ ಲಿಪಿಯೂ ಇದೇ ಎಂಬ ಅಂಶಕ್ಕೆ ಆ ಪಟ್ಟಿಯಲ್ಲಿ ಸ್ಥಾನ ಸಿಗಲಿಲ್ಲ. ಖಾಲಿ ಮನೆಗೆ ಚಂದ್ರಬಿಂದು ಬಂದದ್ದು 2014ರ 7.0 ಆವೃತ್ತಿಯಲ್ಲಿ, ಇಪ್ಪತ್ತಮೂರು ವರ್ಷಗಳ ಬಳಿಕ.

ಅಷ್ಟರೊಳಗೆ ಕನ್ನಡ ವೆಬ್ ತನ್ನ ಬಾಲ್ಯವನ್ನು ಇನ್ನೊಂದು ದಾರಿಯಲ್ಲಿ ಕಳೆದಿತ್ತು. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’ವು ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಮನ್ನಣೆ ಪಡೆದಿದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಹೊರಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅನಂತರದ್ದು. ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿಮೂಲ ಕೀಲಿಮಣೆ ವಿನ್ಯಾಸವೇ ನುಡಿಯ ಕೀಲಿಮಣೆಗೆ ತಳಹದಿ. ಅಕ್ಷರಗಳ ಕಾಗುಣಿತವನ್ನು ಉಚ್ಚಾರಕ್ರಮದಲ್ಲಿ ಒತ್ತಿದರೆ ಸಾಕೆಂಬ ಅವರ ದೃಷ್ಟಿ ಭಾಷಾವಿಜ್ಞಾನದ ದೃಷ್ಟಿಯೇ ಆಗಿತ್ತು. ಆದರೆ ಕೀಲಿಯಲ್ಲಿ ಉಚ್ಚಾರಕ್ರಮವಿದ್ದರೂ ಕಡತದಲ್ಲಿ ಉಳಿಯುತ್ತಿದ್ದುದು ಚಿತ್ರಕ್ರಮ. ಆ ಕಾಲದ ಫಾಂಟುಗಳು ರೋಮನ್ ವರ್ಣಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದವು: ತಲೆಕಟ್ಟು ಒಂದು ಮನೆ, ಒತ್ತು ಒಂದು ಮನೆ, ಅರ್ಕಾವತ್ತು ಮತ್ತೊಂದು. ಫಾಂಟ್ ಇದ್ದವರಿಗೆ ಅದು ಕನ್ನಡ, ಇಲ್ಲದವರಿಗೆ ಕಲಸಿದ ಚಿಹ್ನೆಗಳ ರಾಶಿ.

1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ನಾಲ್ಕನೆಯ ಆವೃತ್ತಿಯೂ ಅದೇ ಅವಧಿಯ ನೆಟ್‌ಸ್ಕೇಪ್‌ ಕೂಡ ಫಾಂಟನ್ನು ಪುಟದೊಂದಿಗೇ ಇಳಿಸುವ ಸೌಲಭ್ಯವನ್ನು ತಂದವು. ಎರಡೂ ಪರಸ್ಪರ ಒಪ್ಪದ ಎರಡು ಬಗೆಯ ಕಡತಗಳನ್ನು ಕೇಳುತ್ತಿದ್ದುದರಿಂದ ಕನ್ನಡದ ತಾಣಗಳು ಒಂದನ್ನು ಆಯ್ದುಕೊಳ್ಳಬೇಕಿತ್ತು, ಇಲ್ಲವೇ ಎರಡನ್ನೂ ಸಾಕಬೇಕಿತ್ತು. 1998ರ ಮೇ ತಿಂಗಳಿನ ಸಿಎಸ್‌ಎಸ್ ಎರಡನೆಯ ಹಂತದಲ್ಲಿ ಫಾಂಟ್ ಇಳಿಸುವ ನಿಯಮ ಅಧಿಕೃತವಾಗಿ ಬಂದಿತಾದರೂ ಮುಂದೆ 2.1ರಲ್ಲಿ ಅದನ್ನು ಕೈಬಿಡಲಾಯಿತು. ಅದು ಎಲ್ಲ ಬ್ರೌಸರುಗಳಿಗೂ ಒಪ್ಪಿಗೆಯಾದ ರೂಪದಲ್ಲಿ ಸ್ಥಿರಗೊಂಡದ್ದು ವೋಫ್ ಕಡತ 2012ರ ಡಿಸೆಂಬರಿನಲ್ಲಿ ಮಾನಕವಾದಾಗ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗ’ ಫಾಂಟಿನೊಂದಿಗೆ ಯುನಿಕೋಡ್ ಕನ್ನಡವನ್ನು ಮೇಜಿನ ಗಣಕಗಳಿಗೆ ತಂದಿತ್ತು. ಆಂಡ್ರಾಯ್ಡ್ ಫೋನುಗಳು ಕನ್ನಡವನ್ನು ವ್ಯವಸ್ಥೆಯ ಮಟ್ಟದಲ್ಲಿ ಒಪ್ಪಿಕೊಂಡದ್ದು 2012ರ 4.1ರಲ್ಲಿ.

ಚಿತ್ರಕ್ರಮದ ಆ ಯುಗವನ್ನು ನಾನು ‘ಕಣ್ಣಿನ ಬರಹ’ದ ಯುಗವೆಂದು ಕರೆಯಬಯಸುತ್ತೇನೆ. ಕಣ್ಣಿಗೆ ಸರಿಯಾಗಿ ಕಂಡರೆ ಬರಹ ಸರಿ, ಕಡತದೊಳಗೆ ಏನಿದೆಯೆಂಬುದು ಯಾರ ಚಿಂತೆಯೂ ಅಲ್ಲ. ಯುನಿಕೋಡ್ ಬಂದ ಮೇಲೂ ಈ ಮನೋಧರ್ಮ ಅಳಿಯಲಿಲ್ಲ. ಕುಮಟಾ ತಾಲ್ಲೂಕಿನ ಗೋಕರ್ಣದ ಹೆಸರನ್ನು ನೋಡಿ. ಅರ್ಕಾವತ್ತಿಗೂ ಕನ್ನಡದ ಒಂಬತ್ತಕ್ಕೂ ಇರುವ ರೂಪಸಾಮ್ಯದಿಂದ ‘ಗೋಕಣ೯’ ಎಂದು ಅಂಕಿಯಿಂದಲೇ ಮುಗಿಸಿದ ಬರಹಗಳು ವೆಬ್ಬಿನಲ್ಲಿ ಕಾಣಸಿಗುತ್ತವೆ. ‘ಗೋಕರ‍್ಣ’ ಎಂದು ರೇಫವನ್ನು ಪೂರ್ಣಾಕ್ಷರವಾಗಿಯೂ ಣಕಾರವನ್ನು ಒತ್ತಾಗಿಯೂ ಬರೆಯಬೇಕೆಂಬವರು ನಡುವೆ ಅಗೋಚರವಾದ ಜೋಡಕವೊಂದನ್ನು ಇಡುತ್ತಾರೆ. ಓದುಗನಿಗೆ ಮೂರೂ ಒಂದೇ ಊರು. ಹುಡುಕುವ ಯಂತ್ರಕ್ಕೆ, ಅದನ್ನು ಮೊದಲೇ ಪಳಗಿಸಿರದಿದ್ದರೆ, ಮೂರು ಬೇರೆ ಪದಗಳು. ಸೊನ್ನೆಯ ಅವಸ್ಥೆ ಇನ್ನೂ ಸ್ವಾರಸ್ಯಕರ. ಅನುಸ್ವಾರದ ಸಂಕೇತ 3202, ಶೂನ್ಯದ ಅಂಕಿಯ ಸಂಕೇತ 3302. ಸರಿಯಾಗಿ ನೂರರ ಅಂತರ, ಕಣ್ಣಿಗೆ ಮಾತ್ರ ಅಂತರವಿಲ್ಲ. ‘ಕೊ೦ಕಣಿ’ ಎಂದು ಅಂಕಿಯಿಂದ ಬರೆದ ಪದವನ್ನು ‘ಕೊಂಕಣಿ’ ಎಂದು ಹುಡುಕಿದವನು ಕಾಣಲಾರ. ಪಠ್ಯಸಂಚಯ ಕಟ್ಟುವ ಸಂಶೋಧನಾರ್ಥಿಗಳು ಪದಪಟ್ಟಿಯನ್ನು ತೆಗೆಯುವ ಮೊದಲು ಈ ಎರಡು ಸೊನ್ನೆಗಳನ್ನು ಬೇರ್ಪಡಿಸದಿದ್ದರೆ, ಅನುಸ್ವಾರದ ಆವೃತ್ತಿಯ ಬಗ್ಗೆ ಅವರು ಹೇಳುವ ಯಾವ ಮಾತಿಗೂ ಆಧಾರವಿರುವುದಿಲ್ಲ.

ಗಾಂವ ಮತ್ತು ಆಂಬೊ

ಕೊಂಕಣಿಯಲ್ಲಿ ಊರು ‘ಗಾಂವ’, ಹೆಸರು ‘ನಾಂವ’, ‘ನಾನು’ ಎಂಬುದಕ್ಕೆ ‘ಹಾಂವ’, ಮಾವು ‘ಆಂಬೊ’. ಕನ್ನಡ ಲಿಪಿಯಲ್ಲಿ ಈ ನಾಲ್ಕಕ್ಕೂ ಒಂದೇ ಸೊನ್ನೆ. ‘ಆಂಬೊ’ ಎಂಬಲ್ಲಿ ಸೊನ್ನೆಯು ಮಕಾರ, ತುಟಿಗಳು ಮುಚ್ಚಿಕೊಳ್ಳುತ್ತವೆ. ‘ಗಾಂವ’ ಎಂಬಲ್ಲಿ ತುಟಿ ಮುಚ್ಚುವುದೇ ಇಲ್ಲ. ಆಕಾರವೇ ಮೂಗಿನಿಂದ ಹೊರಡುತ್ತದೆ. ಮಾತೃಭಾಷಿಕನಿಗೆ ಇದು ತೊಡಕಲ್ಲ, ಪದವನ್ನು ಅವನು ಮೊದಲೇ ಬಲ್ಲ. ಕೊಂಕಣಿಯ ಹಲವು ಪ್ರಭೇದಗಳಲ್ಲಿ ಪದಾಂತ್ಯದ ಅನುನಾಸಿಕ ವ್ಯಾಕರಣದ ಭಾರವನ್ನೂ ಹೊತ್ತಿದೆ. ‘ತೆ’ ಎಂದರೆ ಪುಲ್ಲಿಂಗದ ಬಹುವಚನ, ಅದೇ ಸ್ವರ ಅನುನಾಸಿಕಗೊಂಡು ‘ತೆಂ’ ಆದರೆ ನಪುಂಸಕಲಿಂಗದ ಏಕವಚನ. ಲಿಂಗ ಮತ್ತು ವಚನಗಳೆರಡೂ ಒಂದು ಮೂಗುಸಿರಿನ ಮೇಲೆ ನಿಂತಿವೆ. ಪದಾಂತ್ಯದ ಸೊನ್ನೆಯನ್ನು ಶಿಷ್ಟ ಕನ್ನಡದ ಅಭ್ಯಾಸದಿಂದ ಮಕಾರವೆಂದು ಓದುವ ಯಂತ್ರಧ್ವನಿ, ಹಾಗಾಗಿ, ಕೊಂಕಣಿಯ ವ್ಯಾಕರಣವನ್ನೇ ತಪ್ಪು ಓದುತ್ತದೆ.

ಹವ್ಯಕ ಕನ್ನಡದ ಸ್ಥಿತಿ ಇಷ್ಟು ಸ್ಪಷ್ಟವಲ್ಲ. ‘ಅಂವ’, ‘ಇಂವ’ ಎಂಬ ಸರ್ವನಾಮಗಳಲ್ಲಿ ವಕಾರದ ಹಿಂದಣ ಸೊನ್ನೆ ಪೂರ್ಣ ವ್ಯಂಜನವಲ್ಲ, ಅನುನಾಸಿಕ ಸ್ವರವೇ. ಶಿಷ್ಟ ಕನ್ನಡದ ‘ಸಂವಾದ’ದಲ್ಲಿಯೂ ಹೀಗೆ ಉಚ್ಚರಿಸುವವರಿದ್ದಾರೆ ಎಂಬ ಆಕ್ಷೇಪ ಬರಬಹುದು. ವ್ಯತ್ಯಾಸವೆಂದರೆ, ‘ಸಂವಾದ’ದಲ್ಲಿ ಮಕಾರದ ಉಚ್ಚಾರವೂ ಸಲ್ಲುತ್ತದೆ, ‘ಅಂವ’ವನ್ನು ‘ಅಮ್ವ’ ಎಂದರೆ ಹೊನ್ನಾವರದ ಹವ್ಯಕರ ಮನೆಯಲ್ಲಿ ನಕ್ಕಾರು. ಇದನ್ನು ಧ್ವನಿಮಾ ಎನ್ನಬೇಕೆ, ಪರಿಸರನಿಯತ ಉಪಧ್ವನಿ ಎನ್ನಬೇಕೆ ಎಂಬುದು ಚರ್ಚಾರ್ಹ. ಆದರೆ ಬರಹದಲ್ಲಿ ಅದನ್ನು ತೋರಿಸಬೇಕೆಂಬ ಒತ್ತಾಸೆ ಭಾಷಿಕರಲ್ಲಿಯೇ ಇದೆಯೆಂಬುದಕ್ಕೆ ಮುಂದಣ ಸಂಗತಿಯೇ ಪುರಾವೆ.

2022ರ ಸೆಪ್ಟೆಂಬರ್ 13ರಂದು ಪ್ರಕಟವಾದ ಯುನಿಕೋಡ್ 15.0 ಆವೃತ್ತಿಯಲ್ಲಿ ಹೊಸದಾಗಿ ಸೇರಿದ ಸಂಕೇತಗಳು 4,489. ಇವುಗಳಲ್ಲಿ ಕನ್ನಡದ ಕೇರಿಗೆ ಸಂದದ್ದು ಒಂದೇ ಒಂದು: 3315ನೆಯ ಮನೆಯಲ್ಲಿ, ಅಕ್ಷರದ ಬಲಭಾಗದ ಮೇಲ್ತುದಿಗೆ ಕೂಡಿಕೊಳ್ಳುವ ಅನುಸ್ವಾರ. ಕೊಂಕಣಿ, ಅವಧಿ ಮತ್ತು ಹವ್ಯಕ ಕನ್ನಡಗಳನ್ನು ಬರೆಯಲು ಬಳಕೆಯಾಗುವ ಚಿಹ್ನೆಯೆಂದು ಯುನಿಕೋಡ್ ಒಕ್ಕೂಟದ ಪ್ರಕಟಣೆ ಅದನ್ನು ಪರಿಚಯಿಸಿತು. ಈ ತ್ರಿಕೂಟದಲ್ಲಿ ಅವಧಿ ಎಲ್ಲಿಂದ ಬಂತೆಂದು ಅಚ್ಚರಿಪಡಬೇಕಿಲ್ಲ. ತುಳಸೀದಾಸರ ಭಾಷೆ ಅದು. ಹನುಮಾನ್ ಚಾಲೀಸಾವನ್ನು ಕನ್ನಡ ಲಿಪಿಯಲ್ಲಿ ಓದುವವರ ಕೈಗೆ ಅವಧಿಯ ಅನುನಾಸಿಕವೂ ಬಂದೇ ಬರುತ್ತದೆ. ಹವ್ಯಕ ಕನ್ನಡದಂಥ ಒಂದು ಉಪಭಾಷೆಯ ಹೆಸರು ಜಾಗತಿಕ ತಾಂತ್ರಿಕ ಮಾನಕವೊಂದರ ಪ್ರಕಟಣೆಯಲ್ಲಿ ನಮೂದಾದದ್ದು ಸಣ್ಣ ಸಂಗತಿಯಲ್ಲ. ನಮ್ಮ ಉಪಭಾಷಾ ಅಧ್ಯಯನಗಳು ಇದನ್ನು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಎಣಿಕೆ.

ಚಂದ್ರಬಿಂದು 2014ರಲ್ಲಿಯೇ ದೊರೆತಿದ್ದಾಗ ಇನ್ನೊಂದು ಚಿಹ್ನೆ ಏತಕ್ಕೆ ಎಂಬ ಪ್ರಶ್ನೆ ಸಹಜ. ಧ್ವನಿಯ ದೃಷ್ಟಿಯಿಂದ ಎರಡೂ ಒಂದೇ ಕೆಲಸಕ್ಕೆ ಸಲ್ಲುತ್ತವೆ. ಆದರೆ ಯುನಿಕೋಡ್ ಸಂಕೇತಿಸುವುದು ಧ್ವನಿಯನ್ನಲ್ಲ, ಬರಹದ ರೂಢಿಯನ್ನು. ಸೊನ್ನೆಯನ್ನೇ ಮೇಲಕ್ಕೇರಿಸಿ ಬರೆಯುವ ರೂಢಿ ಒಂದಿದ್ದರೆ ಅದಕ್ಕೆ ಅರ್ಧಚಂದ್ರವನ್ನು ತೊಡಿಸುವ ಹಕ್ಕು ಪಟ್ಟಿ ಮಾಡುವವರಿಗಿಲ್ಲ. ಈ ವಿಷಯದಲ್ಲಿ ನಾನು ಒಕ್ಕೂಟದ ಪರ.

ಸಂಕೇತಪಟ್ಟಿಯಲ್ಲಿ ಮನೆ ಸಿಕ್ಕರೆ ಮಾತ್ರ ವೆಬ್ ಪುಟದಲ್ಲಿ ಸೊನ್ನೆ ಮೂಡದು. ಪುಟದ ಮೂಲಬರಹದಲ್ಲಿ ‘&#3315;’ ಎಂದು ಬರೆದ ಮೇಲೆ ಏನೇನು ನಡೆಯಬೇಕೆಂಬುದನ್ನು ಗಮನಿಸಬೇಕು. ಮೊದಲು ಬ್ರೌಸರ್ ಸಿಎಸ್‌ಎಸ್ ಸೂಚಿಸಿದ ಫಾಂಟಿನಲ್ಲಿ ಆ ಚಿಹ್ನೆಗೆ ಆಕೃತಿಯಿದೆಯೇ ಎಂದು ನೋಡುತ್ತದೆ. ಇಲ್ಲವಾದರೆ ಸಾಲಿನಲ್ಲಿರುವ ಮುಂದಿನ ಫಾಂಟನ್ನು, ಕೊನೆಗೆ ಸಾಧನದಲ್ಲಿರುವ ಯಾವುದಾದರೊಂದನ್ನು ಅರಸುತ್ತದೆ. ಇದು ಸ್ವತಂತ್ರ ಅಕ್ಷರವಲ್ಲ, ಹಿಂದಣದಕ್ಕೆ ಕೂಡಿಕೊಳ್ಳುವ ಚಿಹ್ನೆ. ಆದುದರಿಂದ ‘ಗಾ’ ಒಂದು ಫಾಂಟಿನಿಂದ, ಸೊನ್ನೆ ಮತ್ತೊಂದರಿಂದ ಬರುವಂತಿಲ್ಲ. ಆಕೃತಿಗಳನ್ನು ಜೋಡಿಸುವ ತಂತ್ರಾಂಶ ಹಳೆಯದಾಗಿದ್ದು ಹೊಸ ಸಂಕೇತದ ಜಾತಿ ಅದಕ್ಕೆ ತಿಳಿಯದಿದ್ದರೆ, ಚಿಹ್ನೆಯು ಆಧಾರವಿಲ್ಲದ ಅನಾಥವೆಂದು ಬಗೆದು ಚುಕ್ಕಿಗಳ ಒಂದು ವೃತ್ತವನ್ನು ಅದರಡಿ ತಂದಿಡುತ್ತದೆ. ಫಾಂಟೇ ಇಲ್ಲದಿದ್ದರೆ ಖಾಲಿ ಚೌಕ. ಇಷ್ಟೆಲ್ಲ ದಾಟಿದ ಮೇಲೂ ಬರೆಯುವವನ ಕೀಲಿಮಣೆಯಲ್ಲಿ ಅದಕ್ಕೊಂದು ಕೀಲಿ ಬೇಕು. (ಈ ಬರಹದಲ್ಲಿ ಆ ಚಿಹ್ನೆಯನ್ನು ಅಚ್ಚಿಸದೆ ವರ್ಣಿಸಿರುವುದರ ಕಾರಣವನ್ನು ಓದುಗರು ಊಹಿಸಬಲ್ಲರು.)

ಸಾಲಿನ ಎತ್ತರ

ಭಟ್ಕಳದ ಕಥೆ ಬಲದಿಂದ ಎಡಕ್ಕೆ ಸಾಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಗೆ ಬಂದ ಇಬ್ನ್ ಬತೂತ ಹೊನ್ನಾವರವನ್ನು ‘ಹಿನಾವ್ರ್’ ಎಂದು ಅರಬ್ಬಿಯಲ್ಲಿ ಬರೆದಿರಿಸಿದ. ಅರಬ್ಬಿ ಲಿಪಿಗೆ ಈ ಊರುಗಳ ಹೆಸರುಗಳು ಅಪರಿಚಿತವಲ್ಲ. ನವಾಯತಿ ಕೊಂಕಣಿಯ ಬಳಗಕ್ಕೆ ಸೇರಿದ ನುಡಿ, ಅರಬ್ಬಿ-ಫಾರಸಿ-ಉರ್ದು ಪದಗಳ ದಟ್ಟ ಲೇಪವಿರುವಂಥದು. ‘ನಕ್ಷೆ ನವಾಯತ್’ ಪತ್ರಿಕೆಯಂಥ ಮುದ್ರಿತ ಪರಂಪರೆಯೂ ಅದಕ್ಕಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ದೊಡ್ಡ ಸಮುದಾಯವಿರುವುದರಿಂದ ವೆಬ್ ಇಲ್ಲಿ ಬೇಗನೆ ಬೇರೂರಿತು. ಊರಿನ ಸುದ್ದಿಗಾಗಿ ಕಾಯುವವರು ಊರಿನಲ್ಲಿರಲಿಲ್ಲ. ಭಟ್ಕಳದ ಸಾಹಿಲ್ ಆನ್‌ಲೈನ್ ಇಂಗ್ಲಿಷ್, ಕನ್ನಡ, ಉರ್ದು ಮೂರು ಭಾಷೆಗಳಲ್ಲಿ ಸುದ್ದಿ ನೀಡುತ್ತದೆ. ಮೂರು ಲಿಪಿಗಳನ್ನು ಒಂದೇ ವಿನ್ಯಾಸದಲ್ಲಿ ಕೂರಿಸಬೇಕಾದ ಇಂಥ ತಾಣಗಳ ಮುಂದಿರುವ ಪ್ರಶ್ನೆಗಳು ಬೆಂಗಳೂರಿನ ಏಕಭಾಷಿಕ ಪತ್ರಿಕೆಗಳಿಗೆ ಎಂದೂ ಎದುರಾಗಿಲ್ಲ.

ಎಡ-ಬಲಗಳ ಸಮಸ್ಯೆ ಕಠಿಣವಾಗಿ ಕಂಡರೂ ಬೇಗ ಪರಿಹಾರವಾದುದು. 1997ರ ಡಿಸೆಂಬರಿನ ಎಚ್‌ಟಿಎಮ್‌ಎಲ್ 4.0ರಲ್ಲಿಯೇ ಬರಹದ ದಿಕ್ಕನ್ನೂ ಭಾಷೆಯನ್ನೂ ನಮೂದಿಸುವ ಗುಣವಾಚಿಗಳಿದ್ದವು; ಇತ್ತೀಚಿನ ಸಿಎಸ್‌ಎಸ್‌ನಲ್ಲಿ ‘ಎಡ’, ‘ಬಲ’ ಎನ್ನುವ ಬದಲು ‘ಸಾಲಿನ ಆರಂಭ’, ‘ಸಾಲಿನ ಅಂತ್ಯ’ ಎನ್ನುವ ಕ್ರಮ ಬಂದಿರುವುದರಿಂದ ಒಂದೇ ಶೈಲಿ ಎರಡು ದಿಕ್ಕಿಗೂ ಸಲ್ಲುತ್ತದೆ. ನಿಜವಾದ ತೊಡಕು ನಸ್ತಾಲೀಕ್ ಶೈಲಿಯದು. ಉರ್ದು ಓದುಗರಿಗೆ ನಸ್ತಾಲೀಕೇ ಬರಹ. ಅರಬ್ಬಿಯ ನಸ್ಖ್ ಶೈಲಿಯಲ್ಲಿ ಅಚ್ಚಾದ ಉರ್ದು ಪರಕೀಯವಾಗಿ ಕಾಣುತ್ತದೆ. ನಸ್ತಾಲೀಕಿನಲ್ಲಿ ಪದವು ನೆಲಕ್ಕೆ ಸಮಾನಾಂತರವಾಗಿ ಸಾಗದೆ ಬಲಮೇಲಿನಿಂದ ಎಡಕೆಳಕ್ಕೆ ಇಳಿಯುತ್ತದೆ. ಒಂದೇ ವರ್ಣ ನೆರೆಹೊರೆಗೆ ತಕ್ಕಂತೆ ಹಲವು ರೂಪಗಳನ್ನು ತಾಳುತ್ತದೆ. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರು ಮಾನೋಟೈಪ್ ಸಂಸ್ಥೆಗಾಗಿ ಸಿದ್ಧಪಡಿಸಿದ ನೂರಿ ನಸ್ತಾಲೀಕ್ ಸಾವಿರಾರು ಕೂಡುರೂಪಗಳನ್ನು ಮೊದಲೇ ಬರೆದಿಟ್ಟು ಈ ಕಷ್ಟವನ್ನು ದಾಟಿತು. ದಿಲ್ಲಿಯ ಇನ್‌ಪೇಜ್ ತಂತ್ರಾಂಶ 1990ರ ದಶಕದಲ್ಲಿ ಅದನ್ನು ಮೇಜಿನ ಗಣಕಕ್ಕೆ ತಂದಿತು. ವೆಬ್ಬಿನಲ್ಲಿ ಮಾತ್ರ ಆ ಬರಹವನ್ನು ಚಿತ್ರವಾಗಿ ಪರಿವರ್ತಿಸಿ ತೂಗುಹಾಕುವುದು ಬಹುಕಾಲದ ಪದ್ಧತಿಯಾಯಿತು. ಕಣ್ಣಿನ ಬರಹದ ಪರಾಕಾಷ್ಠೆ ಇದು: ಪುಟದಲ್ಲಿ ಪಠ್ಯವೇ ಇಲ್ಲ, ಪಠ್ಯದ ಛಾಯಾಚಿತ್ರವಿದೆ. ಭಾಷಾವಿಜ್ಞಾನಿಗೆ ಅಲ್ಲಿಂದ ಒಂದು ಪದವೂ ದಕ್ಕದು. ಯುನಿಕೋಡ್ ಆಧಾರಿತ ಜಮೀಲ್ ನೂರಿ ನಸ್ತಾಲೀಕ್ 2008ರ ಸುಮಾರಿಗೆ, ವಿಂಡೋಸ್‌ನ ಉರ್ದು ಟೈಪ್‌ಸೆಟ್ಟಿಂಗ್ 2012ರಲ್ಲಿ, ನೋಟೋ ನಸ್ತಾಲೀಕ್ ಉರ್ದು 2014ರಲ್ಲಿ ಬಂದ ಮೇಲೆ ಚಿತ್ರವು ಮತ್ತೆ ಪಠ್ಯವಾಯಿತು. ಭಾರ ಮಾತ್ರ ಉಳಿಯಿತು. ಕೂಡುರೂಪಗಳನ್ನು ಹೊತ್ತ ನಸ್ತಾಲೀಕ್ ಫಾಂಟ್ ಕನ್ನಡದ ಫಾಂಟಿಗಿಂತ ಹಲವು ಪಟ್ಟು ಭಾರವಾದುದು. ಪುಟ ತೆರೆಯುವ ಮುನ್ನ ಅದು ಫೋನಿಗೆ ಇಳಿಯಬೇಕು.

ಅನುನಾಸಿಕಕ್ಕೆ ಉರ್ದು ಬರಹ ಕಂಡುಕೊಂಡ ದಾರಿ ಸುಂದರವಾದುದು, ಆದರೆ ಅರ್ಧದಾರಿ. ಪದಾಂತ್ಯದಲ್ಲಿ ನೂನ್ ವರ್ಣದ ಚುಕ್ಕಿಯನ್ನು ತೆಗೆದರೆ ಅದು ನೂನ್ ಗುನ್ನಾ, ಅಂದರೆ ಅನುನಾಸಿಕ ಸ್ವರ. ಅದರ ಸಂಕೇತ 1722, ಚುಕ್ಕಿಯುಳ್ಳ ನೂನ್‌ನದು 1606. ಪದಮಧ್ಯದಲ್ಲಿ ಈ ಭೇದ ಮಾಯವಾಗುತ್ತದೆ. ಅಲ್ಲಿ ಚುಕ್ಕಿ ತೆಗೆದರೆ ವರ್ಣದ ಗುರುತೇ ಹೋಗುತ್ತದೆ. ಮೇಲೊಂದು ಗುರುತನ್ನಿಡುವ ಅವಕಾಶವಿದ್ದರೂ ನಿತ್ಯದ ಬರಹದಲ್ಲಿ ಅದು ವಿರಳ. ಹೀಗೆ, ಕನ್ನಡ ಲಿಪಿಯ ಕೊಂಕಣಿಗೆ ಎಲ್ಲೆಡೆ ಇರುವ ಸಂದಿಗ್ಧ ಅರಬ್ಬಿ ಲಿಪಿಯ ನವಾಯತಿಗೆ ಪದಮಧ್ಯದಲ್ಲಿ ಮಾತ್ರ. ವ್ಯಾಕರಣದ ಭಾರ ಹೆಚ್ಚಾಗಿ ಪದಾಂತ್ಯದಲ್ಲಿರುವ ನುಡಿಬಳಗಕ್ಕೆ ಇದು ಕನ್ನಡ ಲಿಪಿಗಿಂತ ಉತ್ತಮ ಒಪ್ಪಂದವೆಂದೇ ಹೇಳಬೇಕು.

ಈ ಎರಡು ಲಿಪಿಗಳನ್ನು ವೆಬ್ಬಿನಲ್ಲಿ ಒಂದಾಗಿ ಬಾಧಿಸುವ ಸಂಗತಿ ಸಾಲಿನ ಎತ್ತರ. ರೋಮನ್ ಲಿಪಿಗಾಗಿ ಹೆಣೆದ ಸಿದ್ಧಮಾದರಿಗಳು ಸಾಲಿಗೆ ಅಕ್ಷರದ ಗಾತ್ರದ 1.2 ಪಟ್ಟು ಎತ್ತರವನ್ನು ಕೊಟ್ಟು, ಪೆಟ್ಟಿಗೆಯ ಆಚೆ ಚಾಚಿದ್ದನ್ನು ಕತ್ತರಿಸುವಂತೆ ಹೇಳಿರುತ್ತವೆ. ನಸ್ತಾಲೀಕಿನ ಇಳಿಜಾರು ಪದದ ತುದಿ ಅಲ್ಲಿ ಕತ್ತರಿಗೆ ಸಿಗುತ್ತದೆ. ‘ರಾಷ್ಟ್ರೀಯ’ ಎಂಬ ಪದದ ಟಕಾರ, ರಕಾರಗಳ ಒತ್ತುಗಳೂ ಸಿಗುತ್ತವೆ. ಕೊಂಡಿಯ ಅಡಿಗೆರೆಯೂ ಒತ್ತುಗಳ ನಡುವೆಯೇ ಹಾಯುತ್ತದೆ. ಗೆರೆಯು ಆಕೃತಿಗಳನ್ನು ತಪ್ಪಿಸಿ ಸಾಗುವಂತೆ ಮಾಡುವ ನಿಯಮ ಈಚೆಗೆ ಬಂದಿದ್ದರೂ ಒತ್ತುಗಳು ದಟ್ಟವಾಗಿರುವಲ್ಲಿ ಗೆರೆಯೇ ಚೂರುಚೂರಾಗುತ್ತದೆ. ಓರೆಯಕ್ಷರದ ಬಗ್ಗೆ ಹೇಳುವುದೇ ಬೇಡ. ಕನ್ನಡ ಮುದ್ರಣದಲ್ಲಿ ಬೇರಿಲ್ಲದ ಆ ರೂಪವನ್ನು ಬ್ರೌಸರ್ ಅಕ್ಷರಗಳನ್ನು ಬಗ್ಗಿಸಿ ತಾನೇ ಸೃಷ್ಟಿಸುತ್ತದೆ. ವೆಬ್ ಒಕ್ಕೂಟದ ಆಶ್ರಯದಲ್ಲಿ ಭಾರತೀಯ ಲಿಪಿಗಳ ವಿನ್ಯಾಸದ ಅಗತ್ಯಗಳನ್ನು ಪಟ್ಟಿಮಾಡುವ ಕಾರ್ಯಪಡೆಯೊಂದಿದೆ. ಅಂಥ ಪಟ್ಟಿಗೆ ಬೇಕಾದ ಸಾಮಗ್ರಿ ನಮ್ಮ ವಿಭಾಗಗಳಿಂದ ಹೋಗಬೇಕಿತ್ತು. ಅಕ್ಷರವೆಂದರೇನು ಎಂಬುದು ಮೂಲತಃ ನಮ್ಮ ಶಾಸ್ತ್ರದ ಪ್ರಶ್ನೆ.

ಅಕ್ಷರವೆಂದರೇನು

ಆ ಪ್ರಶ್ನೆಗೆ ಯುನಿಕೋಡ್ 2023ರ ಸೆಪ್ಟೆಂಬರಿನ 15.1 ಆವೃತ್ತಿಯಲ್ಲಿ ಹೊಸ ಉತ್ತರವೊಂದನ್ನು ಕೊಟ್ಟಿತು. ಅಲ್ಲಿಯವರೆಗೆ ವಿರಾಮಚಿಹ್ನೆಯ ಬಳಿಕ ಘಟಕ ಮುಗಿಯುತ್ತಿತ್ತು; ಅಂದರೆ ಸಂಯುಕ್ತಾಕ್ಷರ ಎರಡು ಘಟಕಗಳಾಗಿ ಒಡೆಯುತ್ತಿತ್ತು. 15.1ರಲ್ಲಿ ಸಂಯುಕ್ತಾಕ್ಷರವನ್ನು ಒಡೆಯದ ನಿಯಮ ಬಂದಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಒತ್ತಕ್ಷರದ ರಚನೆಯಲ್ಲಿ ತೆಲುಗಿಗೂ ಕನ್ನಡಕ್ಕೂ ಇರುವ ಅಂತರ ಎಷ್ಟೆಂಬುದು ಎರಡನ್ನೂ ಓದಬಲ್ಲವರಿಗೆ ಗೊತ್ತು. ಆದರೂ ತೆಲುಗಿಗೆ ದೊರೆತ ಅಖಂಡ ಅಕ್ಷರ ಆ ಆವೃತ್ತಿಯಲ್ಲಿ ಕನ್ನಡಕ್ಕೆ ದೊರೆಯಲಿಲ್ಲ. ಆರಂಭದಲ್ಲಿ ಹೇಳಿದ ‘ಭಟ್ಕಳ’ದ ನಾಲ್ಕು ಮತ್ತು ‘ಹೊನ್ನಾವರ’ದ ಐದು ಈ ನಿಯಮದ ಫಲ.

ಇದರ ಪರಿಣಾಮ ಕೇವಲ ಎಣಿಕೆಯಲ್ಲಿ ನಿಲ್ಲುವುದಿಲ್ಲ. ಲೇಖನದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಸಿಎಸ್‌ಎಸ್ ಆಯ್ಕೆ ಈ ಘಟಕವನ್ನೇ ನೆಚ್ಚಿದರೆ ‘ಸ್ತ್ರೀ’ ಎಂಬ ಒಂದೇ ಅಕ್ಷರ ಮೂರಾಗಿ, ಮೊದಲ ‘ಸ್’ ಮಾತ್ರ ಹಿಗ್ಗಬೇಕು. ಫೋನಿನ ಕಿರಿದಾದ ಪಟ್ಟಿಕೆಯಲ್ಲಿ ಶೀರ್ಷಿಕೆಯನ್ನು ಇಂತಿಷ್ಟು ಸಂಕೇತಗಳಿಗೆ ಮೊಟಕುಗೊಳಿಸುವ ಜಾವಾಸ್ಕ್ರಿಪ್ಟ್ ಸಾಲು ಇನ್ನೂ ಒರಟು. ‘ಹೊನ್ನಾವರ’ವನ್ನು ನಾಲ್ಕನೆಯ ಸಂಕೇತಕ್ಕೆ ಕಡಿದರೆ ಉಳಿಯುವುದು ‘ಹೊನ್’. ‘ಭಟ್ಕಳ’ವನ್ನು ಮೂರಕ್ಕೆ ಕಡಿದರೆ ‘ಭಟ್’. ಊರು ಹೋಗಿ ಅಡ್ಡಹೆಸರು ಉಳಿಯಿತು, ಅದೂ ಅದೇ ಸೀಮೆಯಲ್ಲಿ ಧಾರಾಳವಾಗಿರುವ ಅಡ್ಡಹೆಸರು!

ಮಾತೃಭಾಷಿಕರ ಅಕ್ಷರಪ್ರಜ್ಞೆಯನ್ನು ಅಳೆಯುವ ಮನೋಭಾಷಿಕ ಪ್ರಯೋಗಗಳನ್ನು ಪರದೆಯ ಮೇಲೆ ನಡೆಸುವ ಸಂಶೋಧನಾರ್ಥಿಗಳು ಇಲ್ಲಿ ವಿಶೇಷವಾಗಿ ಎಚ್ಚರಿರಬೇಕು. ಉತ್ತೇಜಕ ಪದದ ‘ಉದ್ದ’ವನ್ನು ಯಾವ ಘಟಕದಲ್ಲಿ ಅಳೆದಿದ್ದೇವೆಂದು ಹೇಳದ ಪ್ರಬಂಧದ ಫಲಿತಾಂಶವನ್ನು ತೆಲುಗಿನದರೊಂದಿಗೆ ಹೋಲಿಸುವಂತಿಲ್ಲ.

ಹಳೆಯ ಸೊನ್ನೆ, ಹೊಸ ಸೊನ್ನೆ

ಪುಟದ ಭಾಷೆಯನ್ನು ನಮೂದಿಸುವ ಗುಣವಾಚಿಗೆ ಮರಳೋಣ. ಓದಿಹೇಳುವ ತಂತ್ರಾಂಶ ಯಾವ ಧ್ವನಿಯನ್ನು ಆರಿಸಬೇಕು, ಹುಡುಕುಯಂತ್ರ ಯಾವ ಕಡತಕ್ಕೆ ಪುಟವನ್ನು ಸೇರಿಸಬೇಕು ಎಂಬುದಕ್ಕೆ ಅದು ಒಂದು ಆಧಾರ. ಭಾಷೆಯ ಸಂಕೇತದ ಜತೆಗೆ ಲಿಪಿಯ ಸಂಕೇತವನ್ನೂ ಸೇರಿಸಿ ‘ಕನ್ನಡ ಲಿಪಿಯ ಕೊಂಕಣಿ’ ಎಂದು ನಮೂದಿಸಲು ಮಾನಕದಲ್ಲಿ ಅವಕಾಶವಿದೆ. ಲಿಪಿ ನೋಡಿ ಭಾಷೆ ನಿರ್ಣಯಿಸುವ ಅಭ್ಯಾಸದಿಂದ ಕೊಂಕಣಿ ಪುಟಕ್ಕೆ ‘ಕನ್ನಡ’ವೆಂಬ ಚೀಟಿಯನ್ನು ಅಂಟಿಸಿದರೆ, ಕೊಂಕಣಿಯು ಕನ್ನಡ ಪಠ್ಯಸಂಚಯದೊಳಗೆ ತಪ್ಪು ಕನ್ನಡವಾಗಿ ಸೇರಿಹೋಗುತ್ತದೆ. 2022ರ ಮೇ ತಿಂಗಳಿನಲ್ಲಿ ಗೂಗಲ್ ಅನುವಾದಕ್ಕೆ ಹೊಸದಾಗಿ ಸೇರಿದ 24 ಭಾಷೆಗಳಲ್ಲಿ ಕೊಂಕಣಿಯೂ ಒಂದು. ಅದು ದೇವನಾಗರಿಯ ಕೊಂಕಣಿ. ಕುಮಟಾದ ಕೊಂಕಣಿಗ ತನ್ನ ಮಾತನ್ನು ತಾನು ಬರೆಯುವ ಲಿಪಿಯಲ್ಲಿ ಅಲ್ಲಿ ಕಾಣಲಾರ.

ಈಗಾಗಲೇ ಕನ್ನಡ ಲಿಪಿಯಲ್ಲಿರುವ ಕೊಂಕಣಿ, ಹವ್ಯಕ ಪಠ್ಯಗಳನ್ನು ಹೊಸ ಚಿಹ್ನೆಗೆ ಒಗ್ಗಿಸುವುದು ಯಂತ್ರದಿಂದ ಮಾತ್ರ ಆಗುವ ಕೆಲಸವಲ್ಲ. 3202ನೆಲ್ಲ 3315 ಮಾಡಿದರೆ ‘ಆಂಬೊ’ ಕೆಡುತ್ತದೆ, ‘ಕೊಂಕಣಿ’ ಎಂಬ ಹೆಸರೇ ಕೆಡುತ್ತದೆ. ವರ್ಗೀಯ ವ್ಯಂಜನದ ಹಿಂದಣ ಸೊನ್ನೆಯನ್ನು ಬಿಟ್ಟು ಉಳಿದುದನ್ನು ಬದಲಿಸಬೇಕೆಂಬ ನಿಯಮ ‘ಗಾಂವ’, ‘ಅಂವ’, ‘ತೆಂ’ಗಳಿಗೆ ಸಲ್ಲುತ್ತದೆ, ನಡುವೆ ಬರುವ ಸಂಸ್ಕೃತದ ‘ಸಂವಾದ’, ‘ಸಿಂಹ’ಗಳಿಗೆ ಸಲ್ಲದು. ಕೊನೆಗೆ ಉಳಿಯುವುದು ಪದಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ಭಾಷಿಕರ ಬಾಯಿಂದ ಕೇಳಿ ನಿರ್ಣಯಿಸುವ ಹಳೆಯ ಕ್ಷೇತ್ರಕಾರ್ಯವೇ. ಆ ಪಟ್ಟಿಯನ್ನು ಹೊನ್ನಾವರ, ಕುಮಟಾಗಳ ಕೊಂಕಣಿಗೂ ಹವ್ಯಕ ಕನ್ನಡಕ್ಕೂ ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ. ಹುಡುಕುವ ಯಂತ್ರಗಳು ಎರಡು ಸೊನ್ನೆಗಳನ್ನೂ ಹುಡುಕಾಟದ ಮಟ್ಟಿಗೆ ಒಂದೆಂದು ಬಗೆಯುವಂತೆಯೂ, ಸಂಗ್ರಹದ ಮಟ್ಟಿಗೆ ಬೇರೆಯಾಗಿಯೇ ಉಳಿಸುವಂತೆಯೂ ಏರ್ಪಡಿಸಿದರೆ ಹಳೆಯ ಪುಟಗಳನ್ನು ತಿದ್ದುವ ಆತುರವೂ ಇರುವುದಿಲ್ಲ.